ಜಾತ್ರೆಯ ಮರುದಿನ

(ರೇಡಿಯೋ ಭಾಷಣ)



ಇಂದು ನಾನು ಮಾತನಾಡಬೇಕಾಗಿರುವ ವಿಷಯ ಸಭ್ಯರ ಮನೆಗಳ ನಡುಮನೆಯಲ್ಲಿ ಸಾಮಾನ್ಯವಾಗಿ ಪ್ರಸ್ತಾಪಕ್ಕೆ ಬರುವಂಥದಲ್ಲ. ಜಾತ್ರೆ, ರಥೋತ್ಸವ, ಗಣಪತಿಯ ವಿಸರ್ಜನೆ, ಕ್ರಿಕೆಟ್ ಪಂದ್ಯ, ಹೊಸ ವರ್ಷದ ಹಿಂದಿನ ರಾತ್ರಿ, ಇಂಥ ಜನಸಂದಣಿಯ ನಡುವೆ ಕುಡಿದು ಪೊಲೀಸರ ಕೈಗೆ ಸಿಕ್ಕವನು ಏನು ಮಾಡಬೇಕು, ಅವನ ಮನೆಯವರು ಏನು ಮಾಡಬೇಕು, ಕಾನೂನು ಅವರಿಗೆ ಏನು ಹೇಳುತ್ತದೆ ಎಂಬುದೇ ಆ ವಿಷಯ.

ಕುಡಿತವನ್ನು ಹೊಗಳುವುದಕ್ಕೆ ನಾನು ಇಲ್ಲಿ ಕುಳಿತಿಲ್ಲ. ಕುಡಿದವನಿಗೆ ಬುದ್ಧಿ ಹೇಳುವುದಕ್ಕೂ ಅಲ್ಲ. ಆ ಕೆಲಸವನ್ನು ಶರಣರು, ದಾಸರು, ಮನೆಮನೆಯ ಹೆಣ್ಣುಮಕ್ಕಳು ನನಗಿಂತ ಚೆನ್ನಾಗಿ ಮಾಡಿದ್ದಾರೆ. ನಮ್ಮ ಸಂವಿಧಾನದ 47ನೆಯ ಅನುಚ್ಛೇದ ಪಾನನಿರೋಧದ ಕಡೆಗೆ ನಡೆಯಿರೆಂದು ಸರ್ಕಾರಗಳಿಗೆ ಹೇಳುತ್ತದೆ. ಅದೇ ಸಂವಿಧಾನದ 21 ಮತ್ತು 22ನೆಯ ಅನುಚ್ಛೇದಗಳು ಪ್ರತಿಯೊಬ್ಬನ ಜೀವಕ್ಕೂ ಸ್ವಾತಂತ್ರ್ಯಕ್ಕೂ ಕಾವಲು ನಿಂತಿವೆ. ಆ ‘ಪ್ರತಿಯೊಬ್ಬ’ ಎಂಬ ಮಾತಿನೊಳಗೆ ತೂರಾಡುತ್ತಿರುವವನೂ ಸೇರಿದ್ದಾನೆ. ವಕೀಲನಾದ ನನಗೆ ಈ ಎರಡು ಮಾತುಗಳೂ ಒಂದೇ ಗ್ರಂಥದಲ್ಲಿವೆ ಎಂಬುದನ್ನು ಮರೆಯಲು ಬರುವುದಿಲ್ಲ.

ಆದರೆ ಒಂದು ದಿನ ನಾನು ಅದನ್ನು ಮರೆತೆ. ಆ ಮರೆವಿನ ಕಥೆಯಿಂದಲೇ ಪ್ರಾರಂಭಿಸುತ್ತೇನೆ.

2011ನೆಯ ಇಸವಿ. ನಮ್ಮೂರಿನ ತೇರಿನ ಮರುದಿನ. ಬೀದಿಯಲ್ಲಿ ತುಳಿದ ಬಾಳೆಹಣ್ಣು, ಒಣಗಿದ ದವನ; ಸ್ನಾನಕ್ಕೆ ನೀರು ಕಾಯುತ್ತಿತ್ತು. ಬಾಗಿಲಲ್ಲಿ ನಮ್ಮ ಮೇಷ್ಟ್ರು ನಿಂತಿದ್ದರು. ನನಗೆ ಅಕ್ಷರ ಕಲಿಸಿದವರು. ನಿವೃತ್ತರಾಗಿ ಕೆಲವು ವರ್ಷಗಳಾಗಿದ್ದವು. ನಾನು ಕರಿಕೋಟು ಹಾಕಿದ ಮೇಲೂ ಅವರು ನನ್ನನ್ನು ‘ಏನೋ’ ಎಂದೇ ಕರೆಯುತ್ತಿದ್ದರು. ಆ ಬೆಳಗ್ಗೆ ಅವರು, “ವಕೀಲರೇ, ತಾವು ಸ್ವಲ್ಪ ಬರಬೇಕಾಗಿತ್ತು” ಎಂದರು. ಆ ಬಹುವಚನ ಕೇಳಿದೊಡನೆ ಮನೆಯಲ್ಲಿ ಏನೋ ಅನಾಹುತವಾಗಿದೆಯೆಂದು ನನಗೆ ತಿಳಿಯಿತು.

ಅವರ ಮಗ ಹಿಂದಿನ ರಾತ್ರಿ ಸ್ನೇಹಿತರ ಜೊತೆ ಕುಡಿದಿದ್ದ. ಮೊದಲ ಸಲವೋ ಎರಡನೆಯ ಸಲವೋ. ಡೊಳ್ಳಿನ ಮುಂದೆ ಕುಣಿಯುತ್ತ ಬಳೆಯಂಗಡಿಯ ಮೇಲೆ ಬಿದ್ದ. ಒಂದಷ್ಟು ಗಾಜಿನ ಬಳೆ ಒಡೆದವು, ಕೂಗಾಟವಾಯಿತು, ಪೇದೆಯೊಬ್ಬರು ಬಂದು ರಟ್ಟೆ ಹಿಡಿದರು. “ಹೆಸರೇನು, ಯಾರ ಮಗ?” ಎಂದು ಕೇಳಿದರು. ಹುಡುಗ ಬಾಯಿ ಬಿಡಲಿಲ್ಲ. ಅಪ್ಪನ ಹೆಸರು ಹೇಳಿದರೆ ಊರಿಗೆಲ್ಲ ಗೊತ್ತಾಗುತ್ತದಲ್ಲ ಎಂಬುದು ಅವನ ಸಂಕಟ. ಹೆಸರು ಹೇಳಿದ್ದರೆ ಅಲ್ಲಿಗೇ ಮುಗಿಯಬಹುದಾಗಿದ್ದ ಪ್ರಸಂಗ ಹೇಳದಿದ್ದುದರಿಂದ ರಾತ್ರಿಯೆಲ್ಲ ಠಾಣೆಯಲ್ಲಿ ಕಳೆಯುವಂತಾಯಿತು. ಬೆಳಗಿನ ಜಾವ ಯಾರೋ ಕರುಣೆಯಿಂದಲೇ ಅವನಿಗೆ, “ಒಪ್ಪಿಕೊಂಡುಬಿಡು, ಹತ್ತು ರೂಪಾಯಿ ದಂಡ, ಊಟದ ಹೊತ್ತಿಗೆ ಮನೆಯಲ್ಲಿರುತ್ತೀಯ” ಎಂದು ಹೇಳಿದರಂತೆ.

ನಾನು ಸ್ನಾನ ಮುಗಿಸಿ, ಕಾಫಿ ಕುಡಿದು, ಕೋಟು ಏರಿಸಿಕೊಂಡು ನ್ಯಾಯಾಲಯಕ್ಕೆ ಹೋಗುವ ವೇಳೆಗೆ ಅವನ ಸರದಿ ಮುಗಿದಿತ್ತು. ತಪ್ಪೊಪ್ಪಿಕೊಂಡು ಹತ್ತು ರೂಪಾಯಿ ಕಟ್ಟಿ ಹೊರಗೆ ನಿಂತಿದ್ದ. ಮೇಷ್ಟ್ರ ಮುಖದಲ್ಲಿ ನೆಮ್ಮದಿ ಕಂಡಿತು. ನಾನೂ, “ಹೋಗಲಿ ಬಿಡಿ ಮೇಷ್ಟ್ರೇ, ಇಷ್ಟಕ್ಕೇ ಮುಗಿಯಿತು” ಎಂದೆ. ಮುಗಿದಿರಲಿಲ್ಲ. ಅದೇಕೆ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೆ ಮುಂಚೆ ಕಾನೂನಿನ ಮಾತುಗಳನ್ನು ಒಂದು ಕ್ರಮದಲ್ಲಿ ನೋಡೋಣ.

ಕುಡಿದಿರುವುದು ಬೇರೆ, ಸಾರ್ವಜನಿಕ ಸ್ಥಳದಲ್ಲಿ ಕುಡಿಯುವುದು ಬೇರೆ, ಕುಡಿದು ಇನ್ನೊಬ್ಬರಿಗೆ ಉಪದ್ರವ ಕೊಡುವುದು ಬೇರೆ. ನಮ್ಮ ಜನ ಈ ಮೂರನ್ನೂ ಒಂದೇ ಗಂಟಿಗೆ ಕಟ್ಟಿಬಿಡುತ್ತಾರೆ; ಕಾನೂನು ಹಾಗೆ ಕಟ್ಟುವುದಿಲ್ಲ.

1860ರ ಭಾರತೀಯ ದಂಡ ಸಂಹಿತೆಯ 510ನೆಯ ಕಲಮು, ಅಮಲೇರಿದ ಸ್ಥಿತಿಯಲ್ಲಿ ಸಾರ್ವಜನಿಕ ಸ್ಥಳಕ್ಕೆ ಬಂದು ಯಾರಿಗಾದರೂ ಕಿರಿಕಿರಿಯಾಗುವಂತೆ ನಡೆದುಕೊಂಡವನಿಗೆ ಇಪ್ಪತ್ತನಾಲ್ಕು ಗಂಟೆಯವರೆಗಿನ ಸಾದಾ ಸಜೆಯನ್ನೋ ಹತ್ತು ರೂಪಾಯಿಯವರೆಗಿನ ದಂಡವನ್ನೋ ಎರಡನ್ನೂ ಒಟ್ಟಿಗೋ ವಿಧಿಸುತ್ತಿತ್ತು. ಆ ಹತ್ತು ರೂಪಾಯಿ ನೂರ ಅರವತ್ತು ವರ್ಷಗಳಿಗೂ ಹೆಚ್ಚು ಕಾಲ ಹತ್ತೇ ಆಗಿ ಉಳಿಯಿತು. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆಯ 355ನೆಯ ಕಲಮು ಬಂದಿದೆ. ಸಜೆಯ ಅವಧಿ ಅದೇ ಇಪ್ಪತ್ತನಾಲ್ಕು ಗಂಟೆ. ದಂಡ ಸಾವಿರ ರೂಪಾಯಿಯವರೆಗೆ ಏರಿದೆ. ಜೊತೆಗೆ ಸಮುದಾಯ ಸೇವೆ ಎಂಬ ಹೊಸ ಶಿಕ್ಷೆಯೊಂದು ಸೇರಿದೆ. ಅಂದರೆ ಊರಿಗೆ ಉಪಯೋಗವಾಗುವ ಕೆಲಸವನ್ನು ಸಂಬಳವಿಲ್ಲದೆ ಮಾಡುವುದು. ಆದರೆ ಈ ಕಲಮಿಗೆ ಸಿಕ್ಕಿಕೊಳ್ಳಲು ಅಮಲೊಂದೇ ಸಾಲದು, ಇತರರಿಗೆ ಕಿರಿಕಿರಿಯಾಗುವ ನಡವಳಿಕೆಯೂ ಇರಬೇಕು ಎಂಬುದನ್ನು ಗಮನಿಸಬೇಕು. ತೆಪ್ಪಗೆ ಮನೆಯ ದಾರಿ ಹಿಡಿದವನು ಇದರೊಳಗೆ ಬರುವುದಿಲ್ಲ.

ಇದಲ್ಲದೆ ನಮ್ಮ ರಾಜ್ಯದಲ್ಲಿ 1965ರ ಕರ್ನಾಟಕ ಅಬಕಾರಿ ಕಾಯಿದೆ ಇದೆ. ಅದರ 15ಎ ಕಲಮು ಸಾರ್ವಜನಿಕ ಸ್ಥಳದಲ್ಲಿ ಮದ್ಯಪಾನ ಮಾಡುವುದನ್ನೇ ನಿಷೇಧಿಸುತ್ತದೆ. ತೇರುಬೀದಿಯ ಮರದಡಿಯಲ್ಲಿ ಬಾಟಲಿ ಬಿಚ್ಚಿದವನು ಯಾರ ತಂಟೆಗೆ ಹೋಗದಿದ್ದರೂ ತಪ್ಪಿತಸ್ಥನಾಗಬಹುದು. ಬೀದಿಯ ಅವ್ಯವಸ್ಥೆಗಳನ್ನು ಕುರಿತ 1963ರ ಕರ್ನಾಟಕ ಪೊಲೀಸ್ ಕಾಯಿದೆಯ 92ನೆಯ ಕಲಮೂ ಇದೆ. ಆದ್ದರಿಂದ ಹಿಡಿದವರನ್ನು ಮೊದಲು ಕೇಳಬೇಕಾದದ್ದು, “ಯಾವ ಕಾಯಿದೆ, ಯಾವ ಕಲಮು?” ಎಂಬ ಪ್ರಶ್ನೆ. ಮುಂದಿನದೆಲ್ಲ ಅದರ ಉತ್ತರದ ಮೇಲೆ ನಿಂತಿದೆ.

ಉತ್ಸವ ಮುಗಿಸಿ ಕುಡಿದ ಸ್ಥಿತಿಯಲ್ಲೇ ವಾಹನ ಹತ್ತಿದವನ ಮಾತು ಬೇರೆ. ಅದು 1988ರ ಮೋಟಾರು ವಾಹನ ಕಾಯಿದೆಯ 185ನೆಯ ಕಲಮಿಗೆ ಸೇರಿದ್ದು. ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಮದ್ಯಸಾರವಿದ್ದರೆ ಮೊದಲ ತಪ್ಪಿಗೆ ಆರು ತಿಂಗಳವರೆಗಿನ ಸಜೆ, ಇಲ್ಲವೆ ಹತ್ತು ಸಾವಿರ ರೂಪಾಯಿ ದಂಡ, ಇಲ್ಲವೆ ಎರಡೂ. ಇದನ್ನು ಸಣ್ಣ ಅಪರಾಧವೆಂದು ನಾನು ಎಂದೂ ಹೇಳುವುದಿಲ್ಲ. ಜಾತ್ರೆಯ ರಸ್ತೆಯಲ್ಲಿ ಮಕ್ಕಳು ನಡೆಯುತ್ತಿರುತ್ತಾರೆ.

ಸಣ್ಣದು ದೊಡ್ಡದಾಗುವುದು ಹೇಗೆ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. 355ನೆಯ ಕಲಮಿನಡಿ ಇಪ್ಪತ್ತನಾಲ್ಕು ಗಂಟೆಗೆ ಮುಗಿಯಬೇಕಾಗಿದ್ದವನು ಪೇದೆಯ ಕಾಲರಿಗೆ ಕೈ ಹಾಕಿದನೆಂದರೆ ಅದೇ ಸಂಹಿತೆಯ 132ನೆಯ ಕಲಮಿಗೆ ಹೋಗುತ್ತಾನೆ. ಸರ್ಕಾರಿ ನೌಕರನ ಕರ್ತವ್ಯಕ್ಕೆ ಅಡ್ಡಿಯಾಗುವಂತೆ ಬಲಪ್ರಯೋಗ ಮಾಡಿದ ಆ ಅಪರಾಧಕ್ಕೆ ಎರಡು ವರ್ಷಗಳವರೆಗೆ ಸಜೆಯಿದೆ, ಜಾಮೀನು ಹಕ್ಕಾಗಿ ದೊರೆಯುವುದಿಲ್ಲ. ಸಂದಣಿಯಲ್ಲಿ ಹೆಣ್ಣುಮಗಳ ಮೈಮುಟ್ಟಿದವನಿಗೆ 74ನೆಯ ಕಲಮಿನಂತೆ ಒಂದು ವರ್ಷಕ್ಕೆ ಕಡಮೆಯಿಲ್ಲದ, ಐದು ವರ್ಷಗಳವರೆಗಿನ ಸಜೆ. “ಅಮಲಿನಲ್ಲಿದ್ದೆ, ತಿಳಿಯಲಿಲ್ಲ” ಎಂಬ ಮಾತು ಅಲ್ಲಿ ನಡೆಯದು. ತಾನಾಗಿ ಕುಡಿದವನಿಗೆ ಕಾನೂನು ಅಂಥ ರಿಯಾಯಿತಿ ಕೊಡುವುದಿಲ್ಲ. ತನಗೆ ತಿಳಿಯದಂತೆ ಅಥವಾ ತನ್ನ ಇಚ್ಛೆಗೆ ವಿರುದ್ಧವಾಗಿ ಇನ್ನೊಬ್ಬರು ಕುಡಿಸಿ, ಅದರಿಂದ ತಾನು ಮಾಡುವುದೇನೆಂಬ ಅರಿವೇ ಇಲ್ಲದ ಸ್ಥಿತಿಗೆ ಹೋದವನಿಗೆ ಮಾತ್ರ 23ನೆಯ ಕಲಮು ಆಸರೆಯಾಗಬಲ್ಲದು.

ಆದಕಾರಣ ಮೊದಲ ಸಲಹೆ ಇಷ್ಟೆ: ಕೈಯನ್ನೂ ನಾಲಗೆಯನ್ನೂ ಸುಮ್ಮನಿಡಿ. ಓಡಬೇಡಿ, ಕೊಸರಾಡಬೇಡಿ, ನಿಮ್ಮ ಮಾವನಿಗೆ ಯಾವ ಮಂತ್ರಿಗಳ ಪರಿಚಯವಿದೆ ಎಂಬುದನ್ನು ಬೀದಿಯಲ್ಲಿ ಸಾರಬೇಡಿ. ಜೊತೆಯಲ್ಲಿರುವ ಸ್ನೇಹಿತರಿಗೂ ಇದೇ ಮಾತು. ಅವನನ್ನು ಬಿಡಿಸಿಕೊಳ್ಳಲು ಎಳೆದಾಡುವುದಕ್ಕಿಂತ, ಯಾವ ಠಾಣೆಗೆ ಕರೆದೊಯ್ಯುತ್ತಿದ್ದಾರೆ, ಹಿಡಿದಾಗ ಗಂಟೆಯೆಷ್ಟು, ಅಧಿಕಾರಿಯ ಎದೆಯ ಪಟ್ಟಿಯಲ್ಲಿರುವ ಹೆಸರೇನು ಎಂಬ ಮೂರನ್ನು ಬರೆದಿಟ್ಟುಕೊಳ್ಳುವವನೇ ನಿಜವಾದ ಸ್ನೇಹಿತ.

ಎರಡನೆಯದು, ಹೆಸರು ಮತ್ತು ವಿಳಾಸವನ್ನು ನಿಜವಾಗಿ ಹೇಳುವುದು. 355ನೆಯ ಕಲಮಿನ ಅಪರಾಧ ಅಸಂಜ್ಞೇಯ. ಎಂದರೆ ಆ ಕಲಮೊಂದರ ಮೇಲೆಯೇ ವಾರಂಟಿಲ್ಲದೆ ದಸ್ತಗಿರಿ ಮಾಡುವ ಅಧಿಕಾರ ಪೊಲೀಸರಿಗೆ ಸಾಮಾನ್ಯವಾಗಿ ಇಲ್ಲ. ಆದರೆ ಅಂಥ ಅಪರಾಧ ಮಾಡಿದವನು ಹೆಸರು ಹೇಳಲು ನಿರಾಕರಿಸಿದರೆ, ಇಲ್ಲವೆ ಸುಳ್ಳು ಹೆಸರು ಹೇಳಿದರೆ, ಅದನ್ನು ಪತ್ತೆಮಾಡುವುದಕ್ಕಾಗಿ ಹಿಡಿದಿಡಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 39ನೆಯ ಕಲಮು ಅಧಿಕಾರ ಕೊಡುತ್ತದೆ. ಹೆಸರು ವಿಳಾಸ ಖಚಿತವಾದೊಡನೆ ಮುಚ್ಚಳಿಕೆ ಬರೆಸಿಕೊಂಡು ಬಿಡಬೇಕು. ಮೇಷ್ಟ್ರ ಮಗ ಸಿಕ್ಕಿಬಿದ್ದದ್ದು ಇದರ ಹಳೆಯ ರೂಪಕ್ಕೆ. ಮರ್ಯಾದೆ ಉಳಿಸಿಕೊಳ್ಳಲು ಮುಚ್ಚಿಟ್ಟ ಹೆಸರೇ ಅವನನ್ನು ಲಾಕಪ್ಪಿಗೆ ಕರೆದೊಯ್ದಿತು.

ಇನ್ನೊಂದು ಹೊಸ ಏರ್ಪಾಡನ್ನೂ ತಿಳಿದಿರಬೇಕು. ಅದೇ ಸಂಹಿತೆಯ 172ನೆಯ ಕಲಮು, ಅಪರಾಧಗಳನ್ನು ತಡೆಯುವ ಕೆಲಸದಲ್ಲಿ ಪೊಲೀಸರು ಕೊಡುವ ನ್ಯಾಯಬದ್ಧ ಸೂಚನೆಗಳನ್ನು ಪಾಲಿಸಬೇಕೆಂದು ಹೇಳುತ್ತದೆ; ಪಾಲಿಸದವನನ್ನು ಸ್ಥಳದಿಂದ ದೂರಮಾಡಬಹುದು, ತಡೆದಿಡಬಹುದು. ಸಣ್ಣ ಪ್ರಕರಣವಾದರೆ ಇಪ್ಪತ್ತನಾಲ್ಕು ಗಂಟೆಯೊಳಗೆ ಆದಷ್ಟು ಬೇಗ ಬಿಟ್ಟುಬಿಡಬೇಕು. ಆದ್ದರಿಂದ ಅಧಿಕಾರಿ, “ಇಲ್ಲಿಂದ ಹೊರಡಿ” ಎಂದಾಗ ಹೊರಟುಬಿಡುವುದೇ ಲೇಸು. ಬೆಳಗಿನ ಐದರಿಂದ ಬಿಸಿಲಲ್ಲಿ ನಿಂತು ಹಗ್ಗ ಹಿಡಿದು ಜನರನ್ನು ತೇರಿನ ಗಾಲಿಯಿಂದ ದೂರವಿಡುತ್ತಿರುವ ಪೇದೆಯ ದಣಿವನ್ನೂ ನಾವು ನೆನೆಯಬೇಕು. ಅವನಿಗೂ ಅದು ಹಬ್ಬವೇ, ಆದರೆ ಅವನ ಪಾಲಿಗೆ ಒಬ್ಬಟ್ಟಿಲ್ಲ.

ಮೂರನೆಯದು, ಕಾರಣವನ್ನು ಕೇಳುವ ಹಕ್ಕು. ದಸ್ತಗಿರಿಯಾದವನಿಗೆ ಅದರ ಕಾರಣವನ್ನು ತಿಳಿಸಬೇಕೆಂದು ಸಂವಿಧಾನದ 22ನೆಯ ಅನುಚ್ಛೇದ ಹೇಳುತ್ತದೆ. ಸುರಕ್ಷಾ ಸಂಹಿತೆಯ 47ನೆಯ ಕಲಮು ಅದನ್ನೇ ವಿವರಿಸಿ, ಜಾಮೀನಿಗೆ ಅರ್ಹವಾದ ಅಪರಾಧವಾದರೆ ಆ ಹಕ್ಕನ್ನೂ ತಿಳಿಸಬೇಕೆನ್ನುತ್ತದೆ. 2025ರ ನವೆಂಬರ್ 6ರಂದು ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಪರಾಧ ಯಾವುದೇ ಆಗಿರಲಿ, ಬಂಧನದ ಕಾರಣಗಳನ್ನು ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ ಬರವಣಿಗೆಯಲ್ಲೇ ಕೊಡಬೇಕೆಂದು ತೀರ್ಪಿತ್ತಿತು. ಆ ಕ್ಷಣದಲ್ಲಿ ಬರೆದುಕೊಡಲು ಸಾಧ್ಯವಾಗದಿದ್ದರೆ ಬಾಯಿಮಾತಿನಲ್ಲಿ ಹೇಳಬಹುದು. ಆದರೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವ ಎರಡು ಗಂಟೆಗೆ ಮುಂಚೆಯಾದರೂ ಆ ಕಾಗದ ಅವನ ಕೈಯಲ್ಲಿರಬೇಕು.

ನಾಲ್ಕನೆಯದು, ದಸ್ತಗಿರಿಯ ಪತ್ರ. 1986ರಲ್ಲಿ ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯೊಂದರ ಡಿ. ಕೆ. ಬಸು ಅವರು ಲಾಕಪ್ಪಿನ ಸಾವುಗಳನ್ನು ಕುರಿತು ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಕಾಗದ ಬರೆದರು. ಆ ಕಾಗದವನ್ನೇ ಅರ್ಜಿಯೆಂದು ಪರಿಗಣಿಸಿದ ಸುಪ್ರೀಂ ಕೋರ್ಟು 1996ರ ಡಿಸೆಂಬರಿನಲ್ಲಿ ಕೊಟ್ಟ ತೀರ್ಪಿನ ನಿಯಮಗಳು ಅನಂತರ ಕಾಯಿದೆಯೊಳಗೇ ಸೇರಿದವು. ಇಂದು ಸುರಕ್ಷಾ ಸಂಹಿತೆಯ 36ನೆಯ ಕಲಮಿನ ಪ್ರಕಾರ ದಸ್ತಗಿರಿ ಮಾಡುವ ಅಧಿಕಾರಿ ತನ್ನ ಹೆಸರು ಕಾಣುವಂತೆ ಪಟ್ಟಿ ಧರಿಸಿರಬೇಕು. ಪತ್ರವೊಂದನ್ನು ಬರೆದು ಅದಕ್ಕೆ ಮನೆಯವರಲ್ಲಿ ಒಬ್ಬರ ಅಥವಾ ಆ ಸ್ಥಳದ ಗೌರವಸ್ಥರೊಬ್ಬರ ಸಾಕ್ಷಿ ಹಾಕಿಸಬೇಕು. ಬಂಧಿತನಿಂದಲೂ ರುಜು ಪಡೆಯಬೇಕು. 48ನೆಯ ಕಲಮಿನ ಪ್ರಕಾರ ಅವನು ಹೇಳಿದ ಬಂಧುವಿಗೋ ಮಿತ್ರನಿಗೋ ಸುದ್ದಿ ಮುಟ್ಟಿಸಬೇಕು. 38ನೆಯ ಕಲಮಿನಂತೆ ವಿಚಾರಣೆಯ ನಡುವೆ ತನಗೆ ಬೇಕಾದ ವಕೀಲನನ್ನು ಕಾಣಬಹುದು.

ರುಜುವಿನ ಬಗ್ಗೆ ಎಚ್ಚರವಿರಲಿ. ಈ ಪತ್ರವನ್ನು ಓದಿ, ತಾರೀಖು ಗಂಟೆ ಸರಿಯಾಗಿದ್ದರೆ ರುಜು ಹಾಕಿ. ಬಿಳಿಯ ಹಾಳೆಗೆ ಹಾಕಬೇಡಿ. ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಹೇಳಿದವನ ರುಜು ಪಡೆಯಬಾರದೆಂದು 181ನೆಯ ಕಲಮು ಹೇಳುತ್ತದೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಅವನ ವಿರುದ್ಧ ರುಜುವಾತಾಗಿ ತರಬಾರದೆಂದು ಭಾರತೀಯ ಸಾಕ್ಷ್ಯ ಅಧಿನಿಯಮದ 23ನೆಯ ಕಲಮು ಹೇಳುತ್ತದೆ. ಅಮಲಿನಲ್ಲಿರುವವನು ಮಾತಿನಲ್ಲಿ ಉದಾರಿ. ಮಾಡದ ತಪ್ಪುಗಳನ್ನೂ ಒಪ್ಪಿಕೊಳ್ಳುತ್ತಾನೆ.

ಐದನೆಯದು ವೈದ್ಯಪರೀಕ್ಷೆ. ಬಂಧಿತನನ್ನು ವೈದ್ಯಾಧಿಕಾರಿ ಪರೀಕ್ಷಿಸಬೇಕೆಂಬುದು 53ನೆಯ ಕಲಮಿನ ವಿಧಿ. ಇದನ್ನು ಒಂದು ಶಾಸ್ತ್ರವೆಂದು ತಿಳಿಯಬೇಡಿ. ತೊದಲುವವನು, ತೂರಾಡುವವನು, ಮಂಪರಿನಲ್ಲಿರುವವನು ಕುಡಿದವನೇ ಆಗಿರಬೇಕೆಂದಿಲ್ಲ. ಸಕ್ಕರೆ ಕಾಯಿಲೆಯವನಿಗೆ ರಕ್ತದಲ್ಲಿ ಸಕ್ಕರೆ ಇಳಿದಾಗಲೂ, ತಲೆಗೆ ಪೆಟ್ಟು ಬಿದ್ದಾಗಲೂ ಹೀಗೇ ಆಗುತ್ತದೆ. ಕುಡಿದವನಿಗೇ ತಲೆಗೆ ಪೆಟ್ಟು ಬಿದ್ದಿರಲೂಬಹುದು. ಬೆಳಗಾಗುವ ತನಕ ಮಲಗಲಿ ಎಂದು ಬಿಟ್ಟರೆ ಏಳದೇ ಹೋಗಬಹುದು. ಮನೆಯವರು ಠಾಣೆಗೆ ಹೋದೊಡನೆ ಅವನ ಕಾಯಿಲೆ, ತೆಗೆದುಕೊಳ್ಳುವ ಔಷಧಿ, ಬಿದ್ದ ಸಂಗತಿ ಇವನ್ನು ಮೊದಲು ಹೇಳಬೇಕು. ಜಾಮೀನಿನ ಮಾತು ಆಮೇಲೆ.

ಪರೀಕ್ಷೆಯಿಂದ ಇನ್ನೊಂದು ಪ್ರಯೋಜನವಿದೆ. ಬಾಯಿಯಲ್ಲಿ ವಾಸನೆಯಿತ್ತು, ನಡಿಗೆ ತಪ್ಪುತ್ತಿತ್ತು, ಮಾತು ತೊದಲುತ್ತಿತ್ತು ಎಂಬಷ್ಟರಿಂದಲೇ ಮದ್ಯಪಾನ ನಿರ್ಣಾಯಕವಾಗಿ ಸಾಬೀತಾಗದು ಎಂದು 1971ರ ಬಚ್ಚೂಭಾಯಿ ಎಂಬ ಚಾಲಕನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ವಾಹನ ನಡೆಸಿ ಹಿಡಿಸಿಕೊಂಡವನ ವಿಷಯದಲ್ಲಂತೂ, ದಸ್ತಗಿರಿಯಾದ ಎರಡು ಗಂಟೆಯೊಳಗೆ ವೈದ್ಯಪರೀಕ್ಷೆಗೆ ಒಳಪಡಿಸದಿದ್ದರೆ ಬಿಡುಗಡೆ ಮಾಡಬೇಕೆಂದು ಮೋಟಾರು ವಾಹನ ಕಾಯಿದೆಯ 202ನೆಯ ಕಲಮೇ ಹೇಳುತ್ತದೆ.

ಕೆಲವರಿಗೆ ವಿಶೇಷ ರಕ್ಷಣೆಯಿದೆ. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಹೆಂಗಸರನ್ನು ಅಸಾಧಾರಣ ಕಾರಣವಿಲ್ಲದೆ ದಸ್ತಗಿರಿ ಮಾಡುವಂತಿಲ್ಲ. ಕಾರಣವಿದ್ದರೂ ಮಹಿಳಾ ಅಧಿಕಾರಿಯೇ ಲಿಖಿತ ವರದಿ ಸಲ್ಲಿಸಿ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆಯಬೇಕು. ಅರವತ್ತು ವರ್ಷ ಮೀರಿದವರನ್ನು ಮತ್ತು ಅಶಕ್ತರನ್ನು ಮೂರು ವರ್ಷಕ್ಕಿಂತ ಕಡಮೆ ಸಜೆಯ ಅಪರಾಧಗಳಲ್ಲಿ ಡಿವೈಎಸ್ಪಿ ದರ್ಜೆಗೆ ಕಡಮೆಯಿಲ್ಲದ ಅಧಿಕಾರಿಯ ಅನುಮತಿಯಿಲ್ಲದೆ ಹಿಡಿಯಬಾರದು. ಹದಿನೆಂಟು ತುಂಬದ ಮಕ್ಕಳನ್ನು ಯಾವ ಕಾರಣಕ್ಕೂ ಲಾಕಪ್ಪಿನಲ್ಲಿಡುವಂತಿಲ್ಲ. ಆದರೆ ಹಬ್ಬದ ಹುರುಪಿನಲ್ಲಿ ಅಂಥ ಹುಡುಗನ ಕೈಗೆ ಲೋಟ ಕೊಟ್ಟ ದೊಡ್ಡವರು 2015ರ ಬಾಲನ್ಯಾಯ ಕಾಯಿದೆಯ 77ನೆಯ ಕಲಮನ್ನು ಕೇಳಿರಲಿ: ಏಳು ವರ್ಷಗಳವರೆಗಿನ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗಿನ ದಂಡ.

ಇನ್ನು ಜಾಮೀನು. 355ನೆಯ ಕಲಮಿನ ಅಪರಾಧದಲ್ಲಿ ಜಾಮೀನು ಯಾರೋ ದಯಪಾಲಿಸುವ ಉಪಕಾರವಲ್ಲ, ಹಕ್ಕು. 478ನೆಯ ಕಲಮಿನಂತೆ ಠಾಣೆಯಲ್ಲೇ ಅದನ್ನು ಕೊಡಬಹುದು. ಜಾಮೀನುದಾರರು ಸಿಗದ ಬಡವನನ್ನು ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕು. ಬಿಡದಿದ್ದ ಪಕ್ಷದಲ್ಲಿ, ಪ್ರಯಾಣದ ವೇಳೆಯನ್ನು ಕಳೆದು, ಇಪ್ಪತ್ತನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲೇಬೇಕು. ಮರುದಿನ ಭಾನುವಾರ ಎಂಬುದು ಇದಕ್ಕೆ ನೆವವಾಗುವುದಿಲ್ಲ.

ಈಗ ಮರುದಿನದ ಬೆಳಗಿಗೆ ಬರೋಣ. ನನ್ನ ದೃಷ್ಟಿಯಲ್ಲಿ ನಿಜವಾದ ಅಪಾಯ ಠಾಣೆಯ ರಾತ್ರಿಯಲ್ಲಿಲ್ಲ, ನ್ಯಾಯಾಲಯದ ಆ ಬೆಳಗಿನಲ್ಲಿದೆ.

ಇಂಥ ಸಣ್ಣ ಪ್ರಕರಣಗಳು ಸಂಕ್ಷಿಪ್ತ ವಿಚಾರಣೆಯಲ್ಲಿ ನಿಮಿಷಗಳಲ್ಲಿ ಮುಗಿಯುತ್ತವೆ. ನಿದ್ದೆಗೆಟ್ಟು, ತಲೆ ಸಿಡಿಯುತ್ತ, ಹಿಂದಿನ ದಿನದ ಅಂಗಿಯಲ್ಲೇ ನಿಂತವನಿಗೆ ಒಂದೇ ಆಸೆ: ಪರಿಚಯದವರು ಯಾರೂ ನೋಡುವ ಮುಂಚೆ ಹೊರಗೆ ಹೋಗಬೇಕು. “ತಪ್ಪು ಒಪ್ಪಿಕೊಳ್ಳುತ್ತೀರಾ?” ಎಂದು ಕೇಳಿದಾಗ “ಹೌದು ಸ್ವಾಮಿ” ಎಂದುಬಿಡುತ್ತಾನೆ. ಆ ಎರಡು ಮಾತಿನಿಂದ ಅವನು ಅಪರಾಧಿಯೆಂದು ತೀರ್ಮಾನವಾಗುತ್ತದೆ. ದಂಡ ಹತ್ತೇ ಆಗಲಿ, ಸಾವಿರವೇ ಆಗಲಿ, ಕಾಗದದ ಮೇಲೆ ಅದು ಶಿಕ್ಷೆಯೇ.

ತಪ್ಪು ಮಾಡಿದವನು ಒಪ್ಪಿಕೊಳ್ಳಬಾರದೆಂದು ನಾನು ಹೇಳುತ್ತಿಲ್ಲ. ಒಪ್ಪಿಕೊಳ್ಳುವುದು ಒಳ್ಳೆಯ ಗುಣ. ಆದರೆ ಏನನ್ನು ಒಪ್ಪಿಕೊಳ್ಳುತ್ತಿದ್ದೇನೆ, ಯಾವ ಕಲಮು, ಅದರ ಫಲವೇನು ಎಂದು ತಿಳಿದು ಒಪ್ಪಿಕೊಳ್ಳಬೇಕು. “ಸ್ವಾಮಿ, ವಕೀಲರನ್ನು ಕಾಣಲು ಕಾಲಾವಕಾಶ ಬೇಕು” ಎಂದು ಕೇಳಲು ಸಂಕೋಚ ಬೇಡ. ಹಣವಿಲ್ಲವೆಂಬ ಚಿಂತೆಯೂ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೆಯ ಕಲಮಿನಂತೆ ಬಂಧನದಲ್ಲಿರುವವನಿಗೆ ಉಚಿತ ವಕೀಲರ ನೆರವು ದೊರೆಯುತ್ತದೆ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡಗಳವರಿಗೆ ಬಂಧನವಿಲ್ಲದಿದ್ದರೂ ದೊರೆಯುತ್ತದೆ. 15100 ಎಂಬ ದೂರವಾಣಿ ಸಂಖ್ಯೆ ಅದಕ್ಕಾಗಿಯೇ ಇದೆ. ಜಾತ್ರೆಗೆ ಹೋಗುವ ಮಕ್ಕಳ ಕೈಯಲ್ಲಿ ದುಡ್ಡು ಕೊಡುವಾಗ ಈ ಸಂಖ್ಯೆಯನ್ನೂ ಕೊಟ್ಟರೆ ನಷ್ಟವಿಲ್ಲ.

ವಕೀಲನಿದ್ದರೆ ಏನು ಮಾಡಿಯಾನು? 1958ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆ ಎಂಬ ಸಣ್ಣ ಕಾಯಿದೆಯೊಂದಿದೆ. ನಮ್ಮ ನ್ಯಾಯಾಲಯಗಳಲ್ಲಿ ಬಹಳ ಜನ ಅದನ್ನು ಕೇಳುವುದೇ ಇಲ್ಲ. ಅದರ 3ನೆಯ ಕಲಮಿನ ಪ್ರಕಾರ, ಹಿಂದೆ ಶಿಕ್ಷೆಯಾಗಿಲ್ಲದವನು ಎರಡು ವರ್ಷ ಮೀರದ ಸಜೆಯ ಅಪರಾಧದಲ್ಲಿ ತಪ್ಪಿತಸ್ಥನೆಂದು ಕಂಡಾಗ, ಸಂದರ್ಭವನ್ನು ನೋಡಿ ನ್ಯಾಯಾಲಯ ಅವನಿಗೆ ಸಜೆ ದಂಡಗಳ ಬದಲು ಎಚ್ಚರಿಕೆಯ ಮಾತು ಹೇಳಿ ಬಿಟ್ಟುಬಿಡಬಹುದು. ಹಾಗೆ ಬಿಡಲ್ಪಟ್ಟವನಿಗೆ ಶಿಕ್ಷೆಯ ಜೊತೆ ಅಂಟಿಬರುವ ಅನರ್ಹತೆ ತಟ್ಟಬಾರದೆಂದು 12ನೆಯ ಕಲಮು ಹೇಳುತ್ತದೆ. ನಾನು ಆ ದಿನ ಕಾಫಿಗೆ ಕುಳಿತುಕೊಳ್ಳದೆ ಅರ್ಧ ಗಂಟೆ ಮುಂಚೆ ಹೋಗಿದ್ದರೆ ಮೇಷ್ಟ್ರ ಮಗನ ಪರವಾಗಿ ಈ ಕಲಮನ್ನು ಕೇಳಬಹುದಾಗಿತ್ತು. ಮೇಷ್ಟ್ರು ಕರೆಯಲು ಬಂದಾಗ, ಹತ್ತು ರೂಪಾಯಿಯ ಕೇಸು ಎಂದು ನಾನೂ ಅಂದುಕೊಂಡೆ.

ಈಗ ಆ ಕಥೆಯ ಉಳಿದ ಭಾಗ. 2013ರಲ್ಲಿ ಆ ಹುಡುಗನಿಗೆ ಸರ್ಕಾರಿ ಕೆಲಸವೊಂದಕ್ಕೆ ಆಯ್ಕೆಯಾಯಿತು. ತುಂಬಿಸಿಕೊಡಬೇಕಾದ ನಮೂನೆಯಲ್ಲಿ, “ನಿಮಗೆ ಎಂದಾದರೂ ನ್ಯಾಯಾಲಯದಿಂದ ಶಿಕ್ಷೆಯಾಗಿದೆಯೇ?” ಎಂಬ ಪ್ರಶ್ನೆಯಿತ್ತು. ಅವನು ‘ಇಲ್ಲ’ ಎಂದು ಬರೆದ. ಅದು ವಂಚನೆಯ ಉದ್ದೇಶದಿಂದ ಬರೆದದ್ದಲ್ಲ. ಆ ಬೆಳಗನ್ನು ಮನೆಯಲ್ಲಿ ಯಾರೂ ನೆನೆಸಿಕೊಳ್ಳಬಾರದೆಂದು ತಂದೆ ಮಗ ಇಬ್ಬರೂ ಮಾತಿಲ್ಲದೆ ಒಪ್ಪಂದ ಮಾಡಿಕೊಂಡಿದ್ದರು. ಪೊಲೀಸ್ ಪರಿಶೀಲನೆಯಲ್ಲಿ ಹಳೆಯ ದಂಡ ಹೊರಬಿತ್ತು. ಕುಡಿದದ್ದಕ್ಕಲ್ಲ, ಮುಚ್ಚಿಟ್ಟದ್ದಕ್ಕೆ ಆಯ್ಕೆ ರದ್ದಾಯಿತು.

2016ರ ಜುಲೈಯಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು ಇಂಥ ಸಂಗತಿಗಳನ್ನೇ ವಿಚಾರ ಮಾಡಿದರು. ನಮೂನೆಯಲ್ಲಿ ಬರೆಯುವುದು ಸತ್ಯವಾಗಿರಬೇಕು. ಆದರೆ ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಅಪರಾಧಕ್ಕೆ ಶಿಕ್ಷೆಯಾಗಿದ್ದು ಅದನ್ನು ಹೇಳದಿದ್ದರೆ, ಉದ್ಯೋಗ ಕೊಡುವವರು ತಮ್ಮ ವಿವೇಚನೆಯಿಂದ ಅದನ್ನು ಮನ್ನಿಸಬಹುದು ಎಂದರು. ಆ ತೀರ್ಪನ್ನು ಓದಿದ ದಿನ ನಾನು ಮೇಷ್ಟ್ರ ಮನೆಗೆ ಹೋದೆ. ಅಷ್ಟರಲ್ಲಿ ಮೂರು ವರ್ಷ ಕಳೆದಿತ್ತು. ಹುಡುಗ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ. ಮತ್ತೆ ಅರ್ಜಿ, ಮತ್ತೆ ಆ ರಾತ್ರಿಯ ಪ್ರಸ್ತಾಪ ಬೇಡವೆಂದ. ಮೇಷ್ಟ್ರು ನನ್ನನ್ನು ಹೊಸ್ತಿಲವರೆಗೆ ಕಳಿಸಿಕೊಡಲು ಬಂದು, “ಹತ್ತು ರೂಪಾಯಿ ಅಂದುಕೊಂಡೆವಲ್ಲೋ” ಎಂದರು. ಅವರು ಏಕವಚನಕ್ಕೆ ಮರಳಿದ್ದರು. ಅದು ಕ್ಷಮೆಯೋ, ಇನ್ನು ಈತ ವಕೀಲನಾಗಿ ಬೇಕಾಗಿಲ್ಲ ಎಂಬ ಭಾವವೋ ನನಗೆ ಇಂದಿಗೂ ತಿಳಿಯದು.

ಆದ್ದರಿಂದ ನನ್ನ ಕೊನೆಯ ಸಲಹೆ ಕಾನೂನಿನದಷ್ಟೇ ಅಲ್ಲ. ದಂಡ ಕಟ್ಟಬೇಕಾಗಿ ಬಂದರೆ ಕಟ್ಟಿ, ರಸೀದಿ ಪಡೆಯಿರಿ, ಆದೇಶದ ನಕಲನ್ನು ತೆಗೆದಿಡಿ. ಮುಂದೆ ಯಾವ ನಮೂನೆ ಕೇಳಿದರೂ ಇದ್ದದ್ದನ್ನು ಇದ್ದಂತೆ ಬರೆಯಿರಿ. ಮನೆಯವರು ಬೈಯುವುದಿದ್ದರೆ ಬೈಯಲಿ, ಆದರೆ ಮಗ ಹೆಸರು ಹೇಳಲು ಹೆದರುವಷ್ಟು ಅಲ್ಲ. ತಪ್ಪಿಗೆ ಕಾನೂನು ಒಂದು ಅಳತೆಯನ್ನು ಇಟ್ಟಿದೆ: ಇಪ್ಪತ್ತನಾಲ್ಕು ಗಂಟೆ, ಸಾವಿರ ರೂಪಾಯಿ. ಅದಕ್ಕೆ ಮೀರಿದ್ದನ್ನು ಮೇಷ್ಟ್ರ ಮನೆಯಲ್ಲಿ ವಿಧಿಸಿದ್ದು ಯಾವ ನ್ಯಾಯಾಲಯವೂ ಅಲ್ಲ, ನಮ್ಮ ನಾಚಿಕೆ. ಅದರಲ್ಲಿ ನನ್ನ ಅಲಕ್ಷ್ಯದ ಪಾಲೂ ಇದೆ.

ಮುಂದಿನ ತೇರಿಗೆ ನೀವೂ ಹೋಗುತ್ತೀರಿ, ನಾನೂ ಹೋಗುತ್ತೇನೆ. ಯಾರನ್ನಾದರೂ ರಟ್ಟೆ ಹಿಡಿದು ಕರೆದೊಯ್ಯುವುದನ್ನು ಕಂಡರೆ, ನಗುವವರ ಗುಂಪಿನಲ್ಲಿ ನಿಲ್ಲಬೇಡಿ. ಹತ್ತಿರ ಹೋಗಿ, ಅವನ ಮನೆಗೆ ಯಾರು ಸುದ್ದಿ ಮುಟ್ಟಿಸುತ್ತಾರೆಂದು ಕೇಳಿ. ಯಾರೂ ಇಲ್ಲದಿದ್ದರೆ ನೀವೇ ಮುಟ್ಟಿಸಿ.